ಬಳೆಗಾರ್ತಿಯ ಚಿತ್ರ ಬಹುಮಾನಕ್ಕೆ ಹೋದದ್ದು

ಎರಡೂ ಚಿತ್ರಗಳನ್ನು ಎಡಿಟ್ ಮಾಡಿದವಳು ನಾನೇ. ಗಡಿನಾಡಿನ ಜತ್ತದ ಎಸ್.ಟಿ. ಬಸ್ ಸ್ಟ್ಯಾಂಡಿನಿಂದ ಪೇಟೆಗೆ ಹೋಗುವ ರಸ್ತೆಯಲ್ಲಿ, ಔಷಧಿ ಅಂಗಡಿಯ ಮೇಲೆ ನನ್ನದೊಂದು ಕೋಣೆ ಇದೆ. ವರ್ಷದ ಹೆಚ್ಚಿನ ದಿನ ಅಲ್ಲಿ ಮದುವೆಯ ವಿಡಿಯೋಗಳದೇ ಕೆಲಸ. ಮದುವೆಗಳಿಲ್ಲದ ಶ್ರಾವಣದ ಹೊತ್ತಿಗೆ ಊರಿನ ಒಂದು ಸಾಂಸ್ಕೃತಿಕ ಮಂಡಳ ಕಿರುಚಿತ್ರ ಸ್ಪರ್ಧೆ ಘೋಷಿಸಿತು. ಕನ್ನಡ, ಮರಾಠಿ ಎರಡಕ್ಕೂ ಅವಕಾಶ. ದೀಪಾವಳಿ ಮುಗಿದ ಮೇಲೆ ಪ್ರದರ್ಶನ. ಗೆದ್ದ ಚಿತ್ರವನ್ನು ಮಂಡಳವೇ ಮುಂಬಯಿಯ ಒಂದು ಉತ್ಸವಕ್ಕೆ ಕಳಿಸುತ್ತದೆ ಎಂದಿದ್ದರು. ಸುತ್ತಲಿನ ಹಳ್ಳಿಗಳಲ್ಲಿ ಮೊಬೈಲಿನಲ್ಲಿ ಚಿತ್ರ ತೆಗೆದವರೆಲ್ಲ ಒಬ್ಬೊಬ್ಬರಾಗಿ ನನ್ನ ಮೆಟ್ಟಿಲು ಹತ್ತಿದರು.

ಮೊದಲು ಬಂದವಳು ಉಮದಿಯ ಹುಡುಗಿ. ಅಲ್ಲಿ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸ. ಅವಳ ತಾಯಿ ಬಳೆಗಾರ್ತಿ. ಸಂತೆಯ ದಿನ ಬಜಾರಿನಲ್ಲಿ ಕೂರುತ್ತಾಳೆ, ಉಳಿದ ದಿನ ಓಣಿ ಓಣಿ ತಿರುಗುತ್ತಾಳೆ. ಮಗಳು ತಾಯಿಯ ಜೊತೆಗೇ ಅಡ್ಡಾಡಿ ಚಿತ್ರ ತೆಗೆದಿದ್ದಳು. ಆದರೆ ಅದರಲ್ಲಿ ಒಂದೂ ಮುಖವಿರಲಿಲ್ಲ. ಬರೀ ಕೈಗಳು. ಸೆಗಣಿ ಬಳಿದು ಬಂದ ಕೈ, ಹಿಟ್ಟು ಮೆತ್ತಿದ ಕೈ, ಮದುವೆಗೆ ಸಿದ್ಧವಾದ ಹುಡುಗಿಯ ಅರಿಸಿನದ ಕೈ. ಆ ಕೈಗಳನ್ನು ಹಿಡಿದ ಒಂದೇ ಜೋಡಿ ಕೈ, ಮತ್ತು "ಕೈ ಸಡ್ಲ ಬಿಡು ತಂಗಿ, ನನ್ನ ಮ್ಯಾಲೆ ಬಿಡು" ಎನ್ನುವ ದನಿ. ಮನೆಯಲ್ಲಿ ದಖನಿ ಉರ್ದು ಆಡುವ ಆ ತಾಯಿ ಗಿರಾಕಿಗಳ ಜೊತೆ ಕನ್ನಡದಲ್ಲಿ, ಮರಾಠಿಯವರ ಜೊತೆ ಮರಾಠಿಯಲ್ಲಿ ಮಾತಾಡುತ್ತ ಕೈಯನ್ನು ಮೆತ್ತಗೆ ಮಾಡುವುದು ಚಿತ್ರದುದ್ದಕ್ಕೂ ಕೇಳುತ್ತಿತ್ತು.

ಗಾಜಿನ ಬಳೆಯ ಸದ್ದು ಮೈಕಿಗೆ ಕೆಟ್ಟದ್ದು. ಕಿವಿಗೆ ಕಿಣಿಕಿಣಿ ಅನ್ನುವುದು ರೆಕಾರ್ಡಿನಲ್ಲಿ ಸೂಜಿ ಚುಚ್ಚಿದ ಹಾಗೆ ಬರುತ್ತದೆ. ಒಂದೊಂದು ಸದ್ದನ್ನೂ ಬೇರೆ ಬೇರೆ ಹಿಡಿದು ತಗ್ಗಿಸಬೇಕಾಯಿತು. ಮಾತಿಲ್ಲದ ಕಡೆ ಅದೇ ಜಾಗದ ಸದ್ದನ್ನು, ಅಂದರೆ ದೂರದ ಕೋಳಿ, ಗಾಳಿ, ಹೊರಗೆ ಹೋದ ಗಾಡಿ ಇವನ್ನು, ತೆಳ್ಳಗೆ ಹಾಸಿದೆ. ಹಾಗೆ ಹಾಸದಿದ್ದರೆ ನೋಡುವವರಿಗೆ ಚಿತ್ರ ಕೆಟ್ಟು ನಿಂತಿತೇನೋ ಅನ್ನಿಸುತ್ತದೆ.

ಚಿತ್ರದ ನಡುವೆ ಒಂದು ಉದ್ದನೆಯ ಶಾಟ್ ಇತ್ತು. ಬಳೆಗಾರ್ತಿಯ ಮನೆಯ ಕಟ್ಟೆ, ಮಧ್ಯಾಹ್ನದ ಬಿಸಿಲು. ಒಬ್ಬ ವಯಸ್ಸಾದ ಹೆಂಗಸಿನ ಕೈ ಚೌಕಟ್ಟಿನೊಳಗೆ ಬರುತ್ತದೆ. ಬಳೆಯಿಲ್ಲದ ಕೈ. ಮೊಳಕೈಯ ಕೆಳಗೆ ಹಳೆಯ ಕಾಲದ ಹಚ್ಚೆ. ಬಳೆಗಾರ್ತಿ ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ಒತ್ತುತ್ತಾಳೆ, ಹೆಬ್ಬೆರಳನ್ನು ಒಳಗೆ ಮಡಿಸುತ್ತಾಳೆ, ಅಂಗೈಯನ್ನು ಕಿರಿದು ಮಾಡುತ್ತಾಳೆ. ಬಹಳ ಹೊತ್ತು ಇಷ್ಟೇ. ಆಮೇಲೆ ಒಂದು ಹಸಿರು ಬಳೆಯನ್ನು ಬೆರಳುಗಳ ಮೇಲೆ ಹಾಯಿಸಿ ಗೆಣ್ಣಿನವರೆಗೆ ತರುತ್ತಾಳೆ. ಅಲ್ಲಿ ನಿಲ್ಲಿಸಿ, ಮೆಲ್ಲಗೆ ಹಿಂದಕ್ಕೆ ತೆಗೆಯುತ್ತಾಳೆ. ಕೈ ಸೆರಗಿನೊಳಗೆ ಹೋಗುತ್ತದೆ.

ಗಂಡ ತೀರಿ ಬಹಳ ವರ್ಷವಾದ ಆ ಅಜ್ಜಿ ನಾಲ್ಕಾರು ತಿಂಗಳಿಗೊಮ್ಮೆ ಹೀಗೆ ಬಂದು ಕೂರುತ್ತಾಳೆ ಎಂದು ಮಗಳು ಹೇಳಿದಳು. ಚಿತ್ರ ತೆಗೆಯಲು ಅಜ್ಜಿಯನ್ನು ಕೇಳಿದ್ದಳಂತೆ. ಮಾರಿ ತೆಗೆಯಬೇಡ, ಕೈ ಬೇಕಾದರೆ ತೆಗೆದುಕೋ ಅಂದಿದ್ದಳಂತೆ. ಆ ಶಾಟಿನ ಎರಡೂ ತುದಿಗಳನ್ನು ಸ್ವಲ್ಪ ಸವರಿದ್ದು ಬಿಟ್ಟರೆ ನಾನು ಅದನ್ನು ಮುಟ್ಟಲಿಲ್ಲ.

ಎರಡನೆಯ ಚಿತ್ರ ಮುಚ್ಚಂಡಿ ಎಂಬ ಹಳ್ಳಿಯವರದು. ಊರಿಂದೂರಿಗೆ ಸೀಟು ತುಂಬಿಕೊಂಡು ಹೋಗುವ ವಡಾಪ್ ಜೀಪು ಓಡಿಸುವ ಒಬ್ಬ ಯುವಕ ತನ್ನ ಗೆಳೆಯರನ್ನು ಕಟ್ಟಿಕೊಂಡು ಮಾಡಿದ್ದು. ಹೆಣ್ಣು ನೋಡಲು ಬಂದವರು ತಪ್ಪಿ ಬೇರೆ ಮನೆಗೆ ಹೋಗುತ್ತಾರೆ. ಆ ಮನೆಯವರು ಯಾರು ಎಂದು ಕೇಳುವುದು ಮರ್ಯಾದೆಯಲ್ಲ ಎಂದು ಉಣ್ಣಲಿಕ್ಕೆ ಹಾಕುತ್ತಾರೆ. ಬಂದವರು ಹುಡುಗಿ ಎಲ್ಲಿ ಎಂದು ಕೇಳುವುದು ಮರ್ಯಾದೆಯಲ್ಲ ಎಂದು ಉಣ್ಣುತ್ತಾರೆ. ನಗಿಸುವ ಚಿತ್ರ ಎಡಿಟ್ ಮಾಡುವುದು ಹಗುರ ಕೆಲಸವೆಂದು ಯಾರಾದರೂ ತಿಳಿದಿದ್ದರೆ ತಪ್ಪು. ಮಾತು ಮುಗಿದ ಮೇಲೆ ನಗುವಿಗೆ ಜಾಗ ಬಿಡಬೇಕು. ಕಡಿಮೆಯಾದರೆ ಮುಂದಿನ ಮಾತು ನಗುವಿನಲ್ಲಿ ಮುಳುಗುತ್ತದೆ, ಹೆಚ್ಚಾದರೆ ನಗು ಆರಿಹೋಗುತ್ತದೆ. ಆ ಯುವಕ ನನ್ನ ಪಕ್ಕ ಕೂತು ಪ್ರತಿಯೊಂದು ಜಾಗವನ್ನೂ ತನ್ನ ಗೆಳೆಯರ ಮುಂದೆ ಓಡಿಸಿ ನೋಡಿಯೇ ಒಪ್ಪುತ್ತಿದ್ದ. ಒಳ್ಳೆಯ ಕೆಲಸಗಾರ.

ಬಂದ ಚಿತ್ರಗಳನ್ನು ತೀರ್ಪುಗಾರರಿಗೆ ತೋರಿಸುವ ಕೆಲಸವೂ ನನ್ನ ಪಾಲಿಗೆ ಬಂತು. ಪ್ರೊಜೆಕ್ಟರ್ ನನ್ನದೇ ಆಗಿತ್ತು. ಮಂಡಳದ ಕಚೇರಿಯಲ್ಲಿ ಕಿಟಕಿಗೆ ಚಾದರ ಕಟ್ಟಿ ತೋರಿಸಿದೆ. ತೀರ್ಪುಗಾರರು ಮೂವರು. ಒಬ್ಬರು ಕಾಲೇಜಿನಲ್ಲಿ ಮರಾಠಿ ಕಲಿಸುವ ಪ್ರಾಧ್ಯಾಪಕರು. ಒಬ್ಬರು ವಿಜಯಪುರದ ಕಡೆಯ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚುತ್ತಲೇ ವಯಸ್ಸಾದ ನಟಿ. ಮೂರನೆಯವರು ಮಂಡಳದ ಅಧ್ಯಕ್ಷರು, ದ್ರಾಕ್ಷಿ ವ್ಯಾಪಾರಿ.

ಬಳೆಯ ಚಿತ್ರ ಮುಗಿದಾಗ ಪ್ರಾಧ್ಯಾಪಕರು ಕನ್ನಡಕ ಒರೆಸಿಕೊಳ್ಳುತ್ತ, ಇನ್ನು ಉಳಿದವನ್ನು ನೋಡುವುದೇ ಬೇಡ ಅಂದರು. ಮುಚ್ಚಂಡಿಯ ಚಿತ್ರಕ್ಕೆ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪ್ರಾಧ್ಯಾಪಕರೂ ನಕ್ಕರು. ಆದರೆ ಬಹುಮಾನದ ಮಾತು ಬಂದಾಗ, ನಕ್ಕದ್ದಕ್ಕೆ ಬಹುಮಾನ ಕೊಡಬೇಕಾಗಿಲ್ಲ, ನಗುವೇ ಅವರ ಬಹುಮಾನ ಎಂದು ಹಟ ಹಿಡಿದರು. ಕಲೆಯನ್ನು ಗುರುತಿಸಲಾಗದಿದ್ದರೆ ತೀರ್ಪುಗಾರರು ಯಾತಕ್ಕೆ, ಜನ ಮೆಚ್ಚಿದ್ದನ್ನು ಜನರೇ ಹೇಳುತ್ತಾರಲ್ಲ ಎಂಬುದು ಅವರ ವಾದ.

ಅಧ್ಯಕ್ಷರು ಸಿಟ್ಟಾಗಲಿಲ್ಲ. ಹಿಂದಿನ ವರ್ಷ ತೀರ್ಪುಗಾರರು ಆರಿಸಿದ ಚಿತ್ರವನ್ನು ತೋರಿಸಿದಾಗ ಅರ್ಧ ಸಭಾಗೃಹ ಎದ್ದು ಹೋದದ್ದನ್ನು ನೆನಪಿಸಿದರು. "ಸರ, ನೀವು ಕೊಟ್ಟ ಬಹುಮಾನ ನಿಮ್ಮ ಕ್ವಾಲಿಟಿದು, ಖರೆ ಐತಿ. ಆದ್ರ ಪಿಚ್ಚರ್ ಅನ್ನೂದು ಈ ಮಂದಿದು ಅಲ್ಲೇನ್ರಿ? ಮಂದಿ ನೋಡದಿದ್ರ ನಾವು ಮೂರು ಮಂದಿ ಕುಂತು ಯಾರಿಗೆ ಸನ್ಮಾನ ಮಾಡೂದು?" ಎಂದರು.

ನಟಿಯ ಮನಸ್ಸು ಬಳೆಯ ಚಿತ್ರದ ಕಡೆಗಿದೆಯೆಂದು ನನಗೆ ಗೊತ್ತಾಗಿತ್ತು. ಆ ಉದ್ದನೆಯ ಶಾಟಿನಲ್ಲಿ ಅವರು ತಮ್ಮ ಬಲಗೈಯಿಂದ ಎಡಗೈಯನ್ನು ಹಿಡಿದುಕೊಂಡದ್ದನ್ನು ನಾನು ಹಿಂದಿನಿಂದ ನೋಡಿದ್ದೆ. ಆದರೂ ಅವರು ಅಂದದ್ದು ಬೇರೆ. ನಾಟಕದಲ್ಲಿ ತಮ್ಮನ್ನು ತೂಗಿದವರು ಟಿಕೀಟು ತೆಗೆದುಕೊಂಡು ಕೂತ ಜನರೇ, ಬೇರೆ ತಕ್ಕಡಿ ತಾನು ಕಂಡಿಲ್ಲ ಎಂದರು. ಅವರೂ ಜನರ ಕಡೆ ವಾಲಿದ ಮೇಲೆ ತೀರ್ಮಾನವಾಯಿತು. ಈ ಎರಡು ಚಿತ್ರಗಳು ಕೊನೆಗೆ ಉಳಿಯುತ್ತವೆ. ಎರಡನ್ನೂ ಮದುವೆಗಳು ನಡೆಯುವ ಮಂಗಲ ಕಾರ್ಯಾಲಯದಲ್ಲಿ ಎಲ್ಲರಿಗೂ ತೋರಿಸುವುದು. ನೋಡಿದವರು ಹೊರಗೆ ಹೋಗುವಾಗ ತಮ್ಮ ಚೀಟಿಯನ್ನು ತಮಗೆ ಬೇಕಾದ ಡಬ್ಬಿಯಲ್ಲಿ ಹಾಕುವುದು. ಪ್ರಾಧ್ಯಾಪಕರು, ಹಾಗಾದರೆ ನಮ್ಮನ್ನು ಕರೆದದ್ದು ಯಾಕೆ ಎಂದು ಮರಾಠಿಯಲ್ಲಿ ಅಂದು ಚಹಾ ಕುಡಿಯದೆ ಎದ್ದರು.

ಅಧ್ಯಕ್ಷರು ನನ್ನನ್ನು ಬದಿಗೆ ಕರೆದು ಒಂದು ಸಲಹೆ ಕೊಟ್ಟರು. ಬಳೆಯ ಚಿತ್ರವನ್ನು ಅರ್ಧಕ್ಕೆ ಇಳಿಸಿದರೆ ಮಂದಿ ಕೂತು ನೋಡುತ್ತಾರೆ, ಆ ಹುಡುಗಿಗೂ ಗೆಲ್ಲುವ ಒಂದು ದಾರಿ ಆಗುತ್ತದೆ. ಇದು ಆಜ್ಞೆಯಲ್ಲ, ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದರು. ಅದು ನಿಜವೂ ಆಗಿತ್ತು.

ಹುಡುಗಿ ಒಪ್ಪಿದಳು. ಗೆದ್ದು ಮುಂಬಯಿಗೆ ಹೋಗಬೇಕೆಂಬ ಆಸೆ ಅವಳಿಗೆ ಬಹಳವಿತ್ತು. ಇಬ್ಬರೂ ಕೂತು ಕತ್ತರಿಸಿದೆವು. ಮೊದಲ ಸಲ ಪ್ರತಿ ಕೈಯಿಂದಲೂ ಸ್ವಲ್ಪ ಸ್ವಲ್ಪ ತೆಗೆದೆವು. ಎಲ್ಲ ಕೈಗಳೂ ಗಡಿಬಿಡಿಯಲ್ಲಿರುವಂತೆ ಕಂಡವು, ಬಿಟ್ಟೆವು. ಎರಡನೆಯ ಸಲ ಕೆಲವು ಕೈಗಳನ್ನು ಪೂರ್ತಿ ಬಿಟ್ಟು ಉಳಿದವನ್ನು ಹಾಗೇ ಇಟ್ಟೆವು. ಆಗ ಚಿತ್ರ ನಡುವೆ ಜೋತುಬಿತ್ತು. ಮೂರನೆಯ ಸಲ ಬಳೆಗಾರ್ತಿಯ ಮಾತುಗಳನ್ನು ಒಂದರ ಹಿಂದೊಂದು ಪೋಣಿಸಿ, ಅವುಗಳ ಮೇಲೆ ಕೈಗಳನ್ನು ಜೋಡಿಸಿದೆ. ಉದ್ದನೆಯ ಶಾಟಿನಲ್ಲಿ ಬಳೆ ಗೆಣ್ಣಿಗೆ ಬಂದು ಹಿಂದಕ್ಕೆ ಹೋಗುವಷ್ಟನ್ನು ಮಾತ್ರ ಉಳಿಸಿ, ತಕ್ಷಣ ಮದುವೆ ಹುಡುಗಿಯ ಕೈಗೆ ಕಟ್ ಮಾಡಿದೆ. ಈ ಸಲ ಚಿತ್ರ ಓಡಿತು. ಎಲ್ಲಿಯೂ ತಡೆಯದೆ ಓಡಿತು. ಇದು ಗೆದ್ದರೂ ಗೆಲ್ಲಬಹುದು ಎಂದು ನನಗೆ ಅನ್ನಿಸಿತು.

ಆ ವಾರ ಬಳೆಗಾರ್ತಿ ಮಾಲು ತರಲು ಜತ್ತಕ್ಕೆ ಬಂದಿದ್ದವಳು ನನ್ನ ಕೋಣೆಗೂ ಬಂದಳು. ಮಗಳು ಎರಡೂ ರೂಪಗಳನ್ನು ತೋರಿಸಲು ಕೇಳಿದಳು. ಬಳೆಗಾರ್ತಿ ಬುಟ್ಟಿಯನ್ನು ಬಾಗಿಲ ಬಳಿ ಇಟ್ಟು, ಕುರ್ಚಿಯ ತುದಿಯಲ್ಲಿ ಕೂತು ನೋಡಿದಳು. ಸಣ್ಣದು ಮುಗಿದ ಮೇಲೆ ಹಚ್ಚೆಯ ಕೈ ಇರುವ ಜಾಗಕ್ಕೆ ಮತ್ತೊಮ್ಮೆ ಹೋಗಲು ಹೇಳಿದಳು. ನೋಡಿದಳು.

"ಇಲ್ಲಿ ಬಳಿ ಹಿಂದಕ್ಕ ತಗದಿದ್ದಷ್ಟ ಐತ್ರಿ ಅಕ್ಕಾರ. ಅದರಕಿಂತ ಮೊದಲ ನಾ ಆಕಿ ಕೈ ಹಿಡಕೊಂಡು ಕುಂತಿದ್ದೆ, ಅದು ಎಲ್ಲಿ ಹೋತು? ನೋಡಿದವರು ಏನಂತಾರ, ಬಳೆಗಾರ್ತಿ ಆಕೀಗೆ ಬಳಿ ತೋರಿಸಿ ಕಸಗೊಂಡಳು ಅಂತಾರ."

ಮಗಳು ದಖನಿಯಲ್ಲಿ ಏನೋ ವಿವರಿಸಿದಳು. ಜನ, ಬಹುಮಾನ, ಮುಂಬಯಿ ಎಂಬ ಶಬ್ದಗಳು ನನಗೆ ಕೇಳಿಸಿದವು. ತಾಯಿ ತಲೆಯಾಡಿಸುತ್ತ ಎಲ್ಲವನ್ನೂ ಕೇಳಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ ಅಂದಳು: "ಆಕಿ ನನ್ನ ಹಂತೇಕ ಬರೂದು ಬಳಿ ಸಲುವಾಗಿ ಅಲ್ರಿ. ಕೈ ಹಿಡೀಲಿ ಅಂತ ಬರ್ತಾಳ. ಅದನ್ನ ಹೆಂಗ ತಗೀತೀರಿ? ತೋರಸೂದಿದ್ರ ಪೂರಾ ತೋರಸ್ರಿ, ಇಲ್ಲಂದ್ರ ಬ್ಯಾಡ."

ಮಗಳು ಮೌಸ್ ಹಿಡಿದು ಸಣ್ಣ ಚಿತ್ರವನ್ನು ಮುಚ್ಚಿ, ಪೂರಾ ಚಿತ್ರವನ್ನೇ ಕಳಿಸೋಣ ಎಂದಳು. ನನಗೂ ಅದೇ ಸರಿ ಎನ್ನಿಸಿತು. ಆ ಹೆಂಗಸು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಇವತ್ತಿಗೂ ಆಗಿಲ್ಲ.

ಪ್ರದರ್ಶನದ ದಿನ ಮಧ್ಯಾಹ್ನವೇ ಹೋಗಿ ಸ್ಪೀಕರ್ ಕಟ್ಟಿಸಿದೆ. ಮಂಗಲ ಕಾರ್ಯಾಲಯದ ತಗಡಿನ ಮಾಳಿಗೆಯ ಕೆಳಗೆ ಸದ್ದು ಗಡಚಿಕ್ಕುತ್ತಿತ್ತು. ಹಿಂದಿನ ಗೋಡೆಗೆ ಮದುವೆಯ ಜಮಖಾನೆಗಳನ್ನು ತೂಗುಹಾಕಿಸಿದೆ. ಸ್ವಲ್ಪ ತಗ್ಗಿತು. ಫ್ಯಾನುಗಳನ್ನು ಬಂದ್ ಮಾಡಲು ಕೇಳಿದರೆ ಮಂದಿ ಕೂರುವುದಿಲ್ಲ ಎಂದರು. ಹಾಗಾಗಿ ಬಳೆಯ ಚಿತ್ರದ ಸದ್ದನ್ನು ಸ್ವಲ್ಪ ಏರಿಸಿ ಇಟ್ಟುಕೊಂಡೆ. ಸಂಜೆ ಹೊತ್ತಿಗೆ ಕಾರ್ಯಾಲಯ ತುಂಬಿ ಬಾಗಿಲಲ್ಲೂ ಜನ ನಿಂತರು. ಬಿಳೂರಿನಿಂದ ನನ್ನ ತವರಿನವರು ಬಂದಿದ್ದರು. ಉಮದಿಯಿಂದ ಒಂದು ಟೆಂಪೋ ತುಂಬ ಬಂದಿದ್ದರು, ತಮ್ಮೂರ ಹುಡುಗಿಯ ಚಿತ್ರವೆಂದು.

ಮುಚ್ಚಂಡಿಯ ಚಿತ್ರ ಮೊದಲು. ನಾವು ನಗುವಿಗೆ ಬಿಟ್ಟ ಜಾಗಗಳು ಸಾಲಲಿಲ್ಲ, ಅಷ್ಟು ನಕ್ಕರು. ಮುಗಿದಾಗ ಸೀಟಿ ಹೊಡೆದರು, ಇನ್ನೊಮ್ಮೆ ಹಾಕಿ ಎಂದರು.

ಆಮೇಲೆ ಬಳೆಯ ಚಿತ್ರ. ಮೊದಲು ಗಂಡಸರಲ್ಲಿ ಅನೇಕರು ಚಹಾಕ್ಕೆ ಎದ್ದರು. ಆದರೆ ಮುಂದೆ ಕೂತ ಹೆಂಗಸರು ಬರಬರುತ್ತ ಸುಮ್ಮನಾದರು. ತೆರೆಯ ಬೆಳಕಿನಲ್ಲಿ ಒಬ್ಬಿಬ್ಬರು ತಮ್ಮ ಮಣಿಕಟ್ಟನ್ನು ಮುಟ್ಟಿಕೊಳ್ಳುವುದು ಕಂಡಿತು. ಮಗಳು ನನ್ನ ಪಕ್ಕ ನಿಂತಿದ್ದವಳು ನನ್ನ ತೋಳು ಹಿಡಿದಳು. ಆ ಸ್ವಲ್ಪ ಹೊತ್ತು ನಾವು ಏನನ್ನೋ ಸಾಧಿಸಿದ್ದೇವೆ ಎಂದು ನಾನು ನಂಬಿದ್ದೆ.

ಉದ್ದನೆಯ ಶಾಟ್ ಬಂತು. ಶುರುವಿನಲ್ಲಿ ಏನೂ ಆಗಲಿಲ್ಲ. ನಾಲ್ಕು ಸೆಕೆಂಡು ಕಂಡು ಮರೆಯಾಗುವ ಕೈಯ ಮೇಲಿನ ಹಚ್ಚೆಯನ್ನು ಯಾರೂ ನೋಡುವುದಿಲ್ಲ. ನಿಮಿಷಗಟ್ಟಲೆ ಅಲುಗದೆ ನಿಂತ ಕೈಯಲ್ಲಿ ನೋಡಲು ಬೇರೇನೂ ಇರುವುದಿಲ್ಲ. ಗೋಡೆಯಷ್ಟು ದೊಡ್ಡದಾಗಿ ಆ ಹಚ್ಚೆ ನಿಂತಿತ್ತು. ಉಮದಿಯವರು ಕೂತಿದ್ದ ಕಡೆಯಿಂದ ಒಬ್ಬ ಗಂಡಸಿನ ದನಿ ಬಂತು, "ಏ, ಇದು ನಮ್ಮ ಓಣಿ ಆಯಿ ಕೈ ಅಲ್ಲೇನಲೇ?" ಇನ್ನೊಬ್ಬ ಹೌದೆಂದ. ಯಾರೋ ನಕ್ಕರು. ಅದೇ ಹೊತ್ತಿಗೆ ಹಸಿರು ಬಳೆ ಆ ಬೆರಳುಗಳ ಮೇಲೆ ಏರುತ್ತಿತ್ತು. "ಆಯಿಗೆ ಈ ವಯಸ್ಸಿನ್ಯಾಗ ಹಸರ ಬಳಿ ಬೇಕಾಗ್ಯಾವ ನೋಡ್ರಿ" ಎಂಬ ಮಾತಿಗೆ ಹಿಂದಿನ ಸಾಲುಗಳೆಲ್ಲ ನಕ್ಕವು. ಅದು ಮುಚ್ಚಂಡಿಯ ಚಿತ್ರಕ್ಕೆ ಬಂದ ನಗುವಿನಂಥದೇ ನಗು. ಕೆಟ್ಟ ಮನಸ್ಸಿನವರು ಎಂದೂ ಹೇಳಲಾಗದು, ಗುರುತು ಹಿಡಿದ ಖುಷಿ ಅವರಿಗೆ.

ನಿಲ್ಲಿಸಲೇ ಎಂದು ನಾನು ಮಗಳ ಮುಖ ನೋಡಿದೆ. ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ಹೆಂಗಸರ ಸಾಲಿನಲ್ಲಿ ಅವಳ ತಾಯಿ ಎದ್ದು ನಿಂತಿದ್ದಳು. ತೆರೆಗೆ ಬೆನ್ನು ಮಾಡಿ, ನಗುತ್ತಿದ್ದವರ ಕಡೆ ಮುಖ ಮಾಡಿ ನಿಂತಿದ್ದಳು. ಹಿಂದಿನವರು ಕುಂದ್ರಿ, ಕಾಣವಲ್ದು ಎಂದರು. ಅವಳ ನೆರಳು ತೆರೆಯ ಕೆಳಗಿನ ಮೂಲೆಯಲ್ಲಿ ಬಿದ್ದಿತ್ತು. ಚಿತ್ರ ಮುಗಿಯುವವರೆಗೆ ಅವಳು ಕೂರಲಿಲ್ಲ.

ಡಬ್ಬಿಗಳನ್ನು ಎಣಿಸುವ ಅಗತ್ಯವೇ ಇರಲಿಲ್ಲ. ಒಂದು ತುಂಬಿ ಚೀಟಿಗಳು ಹೊರಗೆ ಬಿದ್ದಿದ್ದವು. ಮುಚ್ಚಂಡಿಯ ಯುವಕ ವೇದಿಕೆ ಹತ್ತಿ ಶಾಲು ಹೊದಿಸಿಕೊಂಡ, ಮಾತಾಡಲು ಹೇಳಿದರೆ ಬರೀ ಕೈಮುಗಿದು ಇಳಿದ. ಅಧ್ಯಕ್ಷರು ಬಳೆಯ ಚಿತ್ರಕ್ಕೂ ಒಂದು ವಿಶೇಷ ಪುರಸ್ಕಾರವನ್ನು ಅಲ್ಲೇ ಘೋಷಿಸಿದರು. ಹೆಸರು ಕರೆದರು, ಮತ್ತೆ ಕರೆದರು. ತಾಯಿ ಮಗಳು ಅಷ್ಟು ಹೊತ್ತಿಗೆ ಉಮದಿಯ ಟೆಂಪೋ ಹತ್ತದೆ ಬೇರೆ ಗಾಡಿ ಹುಡುಕಿಕೊಂಡು ಹೋಗಿದ್ದರು. ವಾಯರುಗಳನ್ನು ಸುತ್ತುತ್ತಿದ್ದ ನನ್ನ ಬಳಿ ಮುಚ್ಚಂಡಿಯ ಯುವಕ ಬಂದ. ಶಾಲು ಕೈಯಲ್ಲಿತ್ತು. ತನ್ನ ಚಿತ್ರ ಮೊದಲು ತೋರಿಸದಿದ್ದರೆ ಮಂದಿ ಅಷ್ಟು ನಗುವ ಹದಕ್ಕೆ ಬರುತ್ತಿರಲಿಲ್ಲವೇನೋ ಎಂದು ಕೇಳಿದ. ವಾಯರಿನ ಇನ್ನೊಂದು ತುದಿಯನ್ನು ಅವನ ಕೈಗೆ ಕೊಟ್ಟೆ.

ಅದಾದ ಕೆಲವು ದಿನಕ್ಕೆ ಮಗಳು ಕೋಣೆಗೆ ಬಂದಳು. ಅಜ್ಜಿಯ ಮಕ್ಕಳು ಮನೆಗೆ ಬಂದಿದ್ದರಂತೆ. ಜೋರು ಮಾಡಲಿಲ್ಲವಂತೆ. ಇನ್ನು ಮುಂದೆ ನಮ್ಮ ಓಣಿಗೆ ಬರಬೇಡಿ ಎಂದಷ್ಟೇ ಹೇಳಿ ಹೋದರಂತೆ. ಚಿತ್ರ ಎಲ್ಲಿಯೂ ಇರಕೂಡದು ಎಂದು ಮಗಳು ಕೇಳಿಕೊಂಡಳು. ಅವಳ ಮುಂದೆಯೇ ಮೂಲ ಶಾಟುಗಳು, ಸದ್ದಿನ ಕಡತಗಳು, ಉದ್ದದ್ದು, ಸಣ್ಣದ್ದು, ಎಲ್ಲವನ್ನೂ ಅಳಿಸಿದೆ. ಮಂಡಳಕ್ಕೆ ಕೊಟ್ಟ ಪೆನ್‌ಡ್ರೈವನ್ನೂ ತರಿಸಿ ಖಾಲಿ ಮಾಡಿದೆ. ಇನ್ನೇನಾದರೂ ಹೊಸದನ್ನು ತೆಗೆಯುತ್ತೀಯಾ ಎಂದು ಕೇಳಿದೆ. "ಯಾರದ ತಗೀಲ್ರಿ ಅಕ್ಕಾರ? ಯಾರ ಕೈ ಕೊಡ್ತಾರ ಇನ್ನ?" ಎಂದಳು. ಮೊಬೈಲಿಗೆ ಸಿಕ್ಕಿಸುವ ತನ್ನ ಸಣ್ಣ ಮೈಕನ್ನು ನನ್ನ ಮೇಜಿನ ಮೇಲಿಟ್ಟು, ಯಾರಿಗಾದರೂ ಬೇಕಾದರೆ ಕೊಡಿ ಎಂದು ಹೋದಳು.

ಪ್ರಾಧ್ಯಾಪಕರು ಫೋನ್ ಮಾಡಿದ್ದರು. ಮಂಡಳ ಕಳಿಸದಿದ್ದರೆ ತಾವೇ ಆ ಚಿತ್ರವನ್ನು ಮುಂಬಯಿಗೆ ಕಳಿಸುವುದಾಗಿಯೂ, ಅಲ್ಲಿಯವರು ಅದರ ಬೆಲೆ ಬಲ್ಲರೆಂದೂ ಹೇಳಿದರು. ಚಿತ್ರ ಇಲ್ಲ ಸರ್, ಅಳಿಸಿದ್ದೇವೆ ಎಂದೆ. ಇದು ಅಪರಾಧ ಎಂದರು ಅವರು. ಮುಂಬಯಿಯಲ್ಲಿ ಆ ಹಚ್ಚೆಯನ್ನು ಗುರುತು ಹಿಡಿಯುವವರು ಯಾರೂ ಇರುತ್ತಿರಲಿಲ್ಲ, ಅಲ್ಲಿ ಅದು ಗೆಲ್ಲುತ್ತಿತ್ತು, ಅವರು ಹೇಳಿದ್ದು ಸುಳ್ಳಲ್ಲ. ಆದರೆ ಗೆದ್ದ ಚಿತ್ರ ಮರಳಿ ಊರಿಗೇ ಬರುತ್ತಿತ್ತಲ್ಲ. ಮೊಬೈಲಿನಿಂದ ಮೊಬೈಲಿಗೆ ಹಾಯುತ್ತ ಅದೇ ಓಣಿಗೆ ಬರುತ್ತಿತ್ತು. ಕಲೆಗೆ ಕೊಟ್ಟರೂ ಜನಪ್ರಿಯತೆಗೆ ಕೊಟ್ಟರೂ ಆ ಕೈಯನ್ನು ಕಾಯುವ ಬಹುಮಾನ ಯಾವುದಿತ್ತು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಇನ್ನೊಂದು ಮಾತೂ ಮನಸ್ಸಿನಿಂದ ಹೋಗುವುದಿಲ್ಲ. ಮಂದಿಯ ಮೆಚ್ಚುಗೆಗಾಗಿ ಕತ್ತರಿಸಿದ ಆ ಸಣ್ಣ ಚಿತ್ರವನ್ನು ತೋರಿಸಿದ್ದರೆ ಆ ಕೈಯ ಗುರುತು ಯಾರಿಗೂ ಸಿಗದೆ ಅಜ್ಜಿಯ ಮಾನ ಉಳಿಯುತ್ತಿತ್ತು. ಬಳೆಗಾರ್ತಿ ಕಲ್ಲಿನಂಥವಳಾಗಿ ಕಾಣುತ್ತಿದ್ದಳು, ಆದರೆ ಅಜ್ಜಿಯ ಮಾನ ಉಳಿಯುತ್ತಿತ್ತು.

ಅಧ್ಯಕ್ಷರಿಗೆ ಈ ಸಲದ ಜನಸಂದಣಿ ಹಿಡಿಸಿದೆ. ಮುಂದಿನ ಸಲ ತೀರ್ಪುಗಾರರೇ ಬೇಡ, ಎಲ್ಲವೂ ಡಬ್ಬಿಯಿಂದಲೇ ಎಂದು ಹೇಳಿ ಕಳಿಸಿದ್ದಾರೆ. ಪ್ರೊಜೆಕ್ಟರ್ ಕೊಡುವುದಾಗಿ ನಾನು ಒಪ್ಪಿದ್ದೇನೆ.

ಹೋದ ತಿಂಗಳು ಒಂದು ಮದುವೆಯ ಕೆಲಸಕ್ಕೆ ಉಮದಿಗೆ ಹೋದಾಗ ಬಜಾರಿನಲ್ಲಿ ಬಳೆಗಾರ್ತಿಯನ್ನು ಕಂಡೆ. ಬರ್ರಿ, ಕುಂದ್ರಿ ಎಂದು ಗೋಣಿತಟ್ಟಿನ ಮೇಲೆ ಜಾಗ ಮಾಡಿದಳು. ಮಗಳು ಚೆನ್ನಾಗಿದ್ದಾಳೆ, ಅಂಗಡಿಗೆ ಹೋಗುತ್ತಾಳೆ ಎಂದಳು. ಆ ಓಣಿಯ ಗಿರಾಕಿ ಹೋಯಿತು, ಇರಲಿ ಎಂದಳು. ನಾನೇ ಕೇಳಿದೆ, "ಚಾಚಿ, ಆಯಿ ಬಂದಿದ್ರೇನ?"

"ಇಲ್ರಿ. ನಾನ ಹೋಗಿದ್ದೆ. ಮಂದಿ ಕಣ್ಣ ತಪ್ಪಿಸಿ ಹಿತ್ತಲ ಬಾಗಲಕ್ಕ ಹೋಗಿದ್ದೆ. ಆಕಿ ಒಳಗ ಕರದ್ಲು, ನೀರ ಕೊಟ್ಲು. ಬೈಲಿಲ್ಲ." ಅಷ್ಟರಲ್ಲಿ ಒಬ್ಬ ಹೆಂಗಸು ಬಂದು ಬುಟ್ಟಿಯ ಮುಂದೆ ಕೂತಳು. ಬಳೆಗಾರ್ತಿ ಅವಳ ಕೈಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು, ನನ್ನ ಕಡೆ ನೋಡದೆ ಮಾತು ಮುಗಿಸಿದಳು. "ಚಂಬು ಕೊಡೂವಾಗ ಸೆರಗಿಲೆ ಹಿಡದು ಕೊಟ್ಲ್ರಿ. ನನ್ನ ಬೆರಳ ಸೈತ ಆಕಿ ಕೈಗೆ ತಾಕಲಾರದಂಗ."